ಉಬುಂಟುವಿನಲ್ಲಿ ಐಬಸ್: ಕನ್ನಡ, ಹಿಂದಿ, ಇಂಗ್ಲಿಷ್ ಮೂರನ್ನೂ ಟೈಪಿಸುವವರಿಗಾಗಿ

ಅನುವಾದದ ಕೆಲಸಕ್ಕಾಗಿ ದಿನವಿಡೀ ಮೂರು ಭಾಷೆಗಳಲ್ಲಿ ಟೈಪಿಸಬೇಕಾದ ನಾನು ಹಲವು ವರ್ಷಗಳಿಂದ ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆಯಾದ ಉಬುಂಟುವಿನ ಡೆಸ್ಕ್‌ಟಾಪ್‌ನಲ್ಲಿ ಹಲವು ಭಾಷೆಗಳಲ್ಲಿ ಟೈಪಿಸಲು ನೆರವಾಗುವ ಐಬಸ್ ಎಂಬ ತಂತ್ರಾಂಶ ಬಳಸುತ್ತಿದ್ದೇನೆ. ಉಬುಂಟುವಿನ ಡೆಸ್ಕ್‌ಟಾಪ್ ಪರಿಸರವಾದ ಗ್ನೋಮ್ 2012ರಲ್ಲೇ ಐಬಸ್ ಅನ್ನು ತನ್ನೊಳಗೆ ಸೇರಿಸಿಕೊಂಡಿರುವುದರಿಂದ ಅಳವಡಿಕೆ ಸುಲಭ: ಹಲವು ಭಾಷೆಗಳ ಕೀಲಿ ವಿನ್ಯಾಸಗಳನ್ನು ಕೊಡುವ ‘ಐಬಸ್-ಎಂ17ಎನ್’ ಪ್ಯಾಕೇಜನ್ನು ಹಾಕಿ, ಲಾಗ್‌ಔಟ್ ಆಗಿ ಮರಳಿ ಬಂದರೆ, ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ ಕನ್ನಡದ ಹಲವು ವಿನ್ಯಾಸಗಳು ಸಿಗುತ್ತವೆ.

ಯಾವುದನ್ನು ಆರಿಸಬೇಕು ಎಂಬುದೇ ನಿಜವಾದ ಪ್ರಶ್ನೆ. ‘ನುಡಿ’ ತಂತ್ರಾಂಶದಲ್ಲಿ ಕೈ ಪಳಗಿದವರಿಗೆ ಕೆ.ಪಿ. ರಾವ್ ರೂಪಿಸಿದ ಕೀಲಿ ವಿನ್ಯಾಸವನ್ನೇ ಅನುಸರಿಸುವ ಕೆಜಿಪಿ ಸಾಕು. ಅಲ್ಲಿ ವ್ಯಂಜನದೊಳಗೆ ಅಕಾರ ತಾನಾಗಿಯೇ ಇದ್ದು, ಒತ್ತಕ್ಷರ ಬೇಕಾದಾಗ ಮಾತ್ರ ‘ಎಫ್’ ಒತ್ತುವುದರಿಂದ, ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದೇ ಕೀಲಿಗಳು ಸಾಕಾಗುತ್ತವೆ. ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸುವ ಐಟ್ರಾನ್ಸ್‌ನಲ್ಲಿ ಇದಕ್ಕೆ ಏಳು ಅಕ್ಷರಗಳು ಬೇಕು, ನಡುವೆ ಶಿಫ್ಟ್ ಬೇರೆ. ಆದರೆ ಪಟ್ಟಿಯಲ್ಲಿ ‘ಕಗಪ, ಫೊನೆಟಿಕ್’ ಎಂಬ ಇನ್ನೊಂದು ಹೆಸರೂ ಇರುತ್ತದೆ. ಅದು ಎಂ17ಎನ್‌ನದಲ್ಲ, ಹಿಂದಿನ ಅಕ್ಷರವನ್ನು ನೋಡಿ ಸ್ವರವೋ ಸ್ವರಚಿಹ್ನೆಯೋ ಎಂದು ತೀರ್ಮಾನಿಸುವ ಶಕ್ತಿ ಅದಕ್ಕಿಲ್ಲದ ಕಾರಣ, ಎರಡಕ್ಕೂ ಬೇರೆ ಬೇರೆ ಕೀಲಿಗಳನ್ನು ನೆನಪಿಡಬೇಕಾಗುತ್ತದೆ. ಹೆಸರಿನ ಮುಂದೆ ‘ಎಂ17ಎನ್’ ಇದೆಯೇ ಎಂದು ನೋಡಿಯೇ ಸೇರಿಸಿಕೊಳ್ಳುವುದು ಒಳಿತು.

ಭಾಷೆ ಬದಲಿಸಲು ಸೂಪರ್ (ವಿಂಡೋಸ್ ಚಿಹ್ನೆಯ ಕೀಲಿ) ಮತ್ತು ಸ್ಪೇಸ್ ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ಇದು ಕೊನೆಯದಾಗಿ ಬಳಸಿದ ಎರಡು ಭಾಷೆಗಳ ನಡುವೆಯೇ ಮೊದಲು ಓಡಾಡುವುದರಿಂದ ಮೂರನೆಯದು ಅಡ್ಡ ಬರುವುದಿಲ್ಲ. ಪ್ರತಿ ಕಿಟಕಿಗೂ ಪ್ರತ್ಯೇಕ ಭಾಷೆಯನ್ನು ಉಳಿಸುವ ಆಯ್ಕೆಯೂ ಸೆಟ್ಟಿಂಗ್ಸ್‌ನಲ್ಲಿದೆ. ಮೂಲ ಇಂಗ್ಲಿಷ್ ಕಡತ ಒಂದೆಡೆ, ಕನ್ನಡ ಕರಡು ಇನ್ನೊಂದೆಡೆ ಇರುವ ನನ್ನಂಥವರಿಗೆ ಇಡೀ ವ್ಯವಸ್ಥೆಯಲ್ಲಿ ಇದಕ್ಕಿಂತ ಉಪಯುಕ್ತವಾದದ್ದು ಮತ್ತೊಂದಿಲ್ಲ.

ಕೊರತೆಗಳೂ ಇವೆ. ರೂಪುಗೊಳ್ಳುತ್ತಿರುವ ಅಕ್ಷರದ ಕೆಳಗೆ ಗೆರೆ ಕಾಣಿಸುತ್ತದೆ. ಅದು ಪೂರ್ಣಗೊಳ್ಳುವ ಮೊದಲೇ ಮೌಸ್‌ನಿಂದ ಬೇರೆಡೆ ಒತ್ತಿದರೆ ಕೆಲವು ಅಪ್ಲಿಕೇಶನ್‌ಗಳಲ್ಲಿ ಆ ಅಕ್ಷರವೇ ಮಾಯವಾಗುತ್ತದೆ. ‘ರಾಜ್‌ಕುಮಾರ್’ ಎಂಬುದು ‘ರಾಜ್ಕುಮಾರ್’ ಆಗದಿರಲು ನಡುವೆ ಕಾಣದ ಅಕ್ಷರವೊಂದನ್ನು ಸೇರಿಸಬೇಕಾಗುತ್ತದೆ. ಕಂಟ್ರೋಲ್, ಶಿಫ್ಟ್ ಮತ್ತು ‘ಯು’ ಒತ್ತಿ, 200ಸಿ ಎಂದು ಟೈಪಿಸಿ ಎಂಟರ್ ಕೊಟ್ಟರೆ ಅದು ಬರುತ್ತದೆ. ‘ರ‍್ಯಾಂಕ್’ ಎಂಬಲ್ಲಿ ಅರ್ಕಾವತ್ತು ಬೇಡವೆಂದರೆ ರಕಾರದ ನಂತರ, ‘ಎಫ್’ಗೆ ಮೊದಲು, ಇದೇ ರೀತಿ 200ಡಿ ಹಾಕಬೇಕು.

ಹಳೆಯ ರೂಢಿಯಿಲ್ಲದೆ ಕನ್ನಡ, ಹಿಂದಿ ಎರಡನ್ನೂ ಹೊಸದಾಗಿ ಕಲಿಯಲು ಹೊರಟವರಿಗೆ ಮಾತ್ರ ನಾನು ಕೆಜಿಪಿಯ ಬದಲು, ಭಾರತೀಯ ಲಿಪಿಗಳಿಗೆ ಸಮಾನವಾದ ಕೀಲಿ ಜೋಡಣೆಯಿರುವ ಇನ್‌ಸ್ಕ್ರಿಪ್ಟ್ ಅನ್ನೇ ಸೂಚಿಸುತ್ತೇನೆ. ಆರಂಭದ ವಾರಗಳು ಬೇಸರ ತರಿಸಿದರೂ, ಎರಡೂ ಲಿಪಿಗಳಲ್ಲಿ ಕಕಾರ ‘ಕೆ’ ಕೀಲಿಯಲ್ಲೇ, ನಕಾರ ‘ವಿ’ ಕೀಲಿಯಲ್ಲೇ ಇರುವುದರಿಂದ ಹಿಂದಿಗಾಗಿ ಮತ್ತೆ ಮೊದಲಿನಿಂದ ಕಲಿಯಬೇಕಾಗಿಲ್ಲ.