ಜನರಲ್ ಆರ್ಮ್‌ಸ್ಟ್ರಾಂಗ್‌ನನ್ನು ಓದಲು ಯಾವ ಡಿಜಿಟಲ್ ಗ್ರಂಥಾಲಯ ಒಳ್ಳೆಯದು?

ಶಿವಮೊಗ್ಗದಲ್ಲಿ ಬಿ.ಇಡಿ. ಓದುವವರು ಗಾಂಧೀಜಿಯ ನಯೀ ತಾಲೀಮ್ (ಕೈಕೆಲಸದ ಮೂಲಕ ಕಲಿಸುವ ಶಿಕ್ಷಣ ಪದ್ಧತಿ) ಬಗ್ಗೆ ಸೆಮಿನಾರ್ ಬರೆಯಲು ಕೂತರೆ ಸಾಮಾನ್ಯವಾಗಿ 1937ರ ವಾರ್ಧಾ ಸಮ್ಮೇಳನದಿಂದ ಹಿಂದಕ್ಕೆ ಹೋಗುವುದಿಲ್ಲ. ಹೋಗಬೇಕು. ಗಾಂಧೀಜಿ 1903ರಲ್ಲೇ ‘ಇಂಡಿಯನ್ ಒಪೀನಿಯನ್’ ಪತ್ರಿಕೆಯಲ್ಲಿ, ಗುಲಾಮನಾಗಿ ಹುಟ್ಟಿ ಶಿಕ್ಷಣತಜ್ಞನಾದ ಕಪ್ಪು ಅಮೆರಿಕನ್ ಬೂಕರ್ ಟಿ. ವಾಷಿಂಗ್ಟನ್ ಬಗ್ಗೆ ಬರೆದಿದ್ದರು. ಆ ವಾಷಿಂಗ್ಟನ್‌ನನ್ನು ರೂಪಿಸಿದವನು ಸ್ಯಾಮ್ಯುಯೆಲ್ ಚಾಪ್‌ಮನ್ ಆರ್ಮ್‌ಸ್ಟ್ರಾಂಗ್. ಅಮೆರಿಕದ ಅಂತರ್ಯುದ್ಧದಲ್ಲಿ ಒಕ್ಕೂಟದ (ಉತ್ತರದ ರಾಜ್ಯಗಳ) ಪರ ಹೋರಾಡಿ, ಆಮೇಲೆ ಬಿಡುಗಡೆಗೊಂಡ ಗುಲಾಮರಿಗಾಗಿ ವರ್ಜೀನಿಯಾದ ಹ್ಯಾಂಪ್ಟನ್‌ನಲ್ಲಿ ಓದಿನ ಜೊತೆ ಕೈಕಸುಬು ಕಲಿಸುವ ಶಾಲೆ ಕಟ್ಟಿದ ಜನರಲ್. ನಮ್ಮ ಕಡೆಯ ಪುಸ್ತಕದಂಗಡಿಗಳಲ್ಲಿ ಆತನ ಜೀವನಚರಿತ್ರೆ ಸಿಗುವುದು ಕಷ್ಟ. ಕಾಸಿಲ್ಲದೆ ಓದಲು ಮೂರು ತಾಣಗಳಿವೆ: ಇಂಟರ್ನೆಟ್ ಆರ್ಕೈವ್, ಪ್ರಾಜೆಕ್ಟ್ ಗುಟೆನ್‌ಬರ್ಗ್, ಹಾಥಿಟ್ರಸ್ಟ್. ಯಾವುದೂ ಒಂದೇ ಸಾಲದು, ಯಾಕೆಂದರೆ ಈ ಮನುಷ್ಯನನ್ನು ಒಬ್ಬರ ಮಾತಿನಿಂದ ಅಳೆಯಲಾಗದು.

ಮೊದಲು ಆರ್ಕೈವ್. ಹುಡುಕುವಾಗ ಬರೀ ‘ಆರ್ಮ್‌ಸ್ಟ್ರಾಂಗ್’ ಎಂದು ಕೊಟ್ಟರೆ ಚಂದ್ರನ ಮೇಲೆ ಇಳಿದವನೂ ತುತ್ತೂರಿ ಊದಿದವನೂ ಮೊದಲು ಬರುತ್ತಾರೆ. ಮೂರೂ ಪದದ ಪೂರ್ಣ ಹೆಸರನ್ನು ಇಂಗ್ಲಿಷಿನಲ್ಲಿ ಕೊಡಿ, ಪಕ್ಕದ ಪಟ್ಟಿಯಲ್ಲಿ ‘ಟೆಕ್ಸ್ಟ್ಸ್’ ಆರಿಸಿ, ಲಭ್ಯತೆಯಲ್ಲಿ ‘ಆಲ್ವೇಸ್ ಅವೈಲಬಲ್’ ಒತ್ತಿ. ಇದನ್ನು ಒತ್ತದಿದ್ದರೆ ಒಂದು ಗಂಟೆಗಷ್ಟೇ ಎರವಲು ಸಿಗುವ ಹೊಸ ಪುಸ್ತಕಗಳೂ ಬೆರೆತು ಬರುತ್ತವೆ. ನೆಟ್‌ವರ್ಕ್ ಬಂದು ಹೋಗುವ ಊರಿನಲ್ಲಿ ಅವು ಪ್ರಯೋಜನಕ್ಕಿಲ್ಲ. ನಿಮಗೆ ಬೇಕಾದದ್ದು ಆತನ ಮಗಳು ಈಡಿತ್ ಆರ್ಮ್‌ಸ್ಟ್ರಾಂಗ್ ಟಾಲ್ಬಟ್ 1904ರಲ್ಲಿ ಪ್ರಕಟಿಸಿದ ಜೀವನಚರಿತ್ರೆ.

ಒಂದೇ ಪುಸ್ತಕದ ಹಲವು ಸ್ಕ್ಯಾನ್‌ಗಳು ಕಾಣಿಸುತ್ತವೆ, ಆಯ್ಕೆಯಲ್ಲಿ ಎಡವುವುದು ಇಲ್ಲೇ. ಆರ್ಕೈವ್‌ನವರೇ ಮಾಡಿದ ಸ್ಕ್ಯಾನ್ ಬಣ್ಣದ್ದು, ಹಾಳೆಯ ಹಳದಿಯೂ ಕಾಣುತ್ತದೆ, ಫೋಟೋಗಳು ಚೆನ್ನಾಗಿರುತ್ತವೆ. ಗೂಗಲ್‌ನಿಂದ ಬಂದ ಸ್ಕ್ಯಾನ್ ಅಪ್ಪಟ ಕಪ್ಪು-ಬಿಳುಪು. ಅದರಲ್ಲಿ ಫೋಟೋಗಳು ಮಸಿ ಚೆಲ್ಲಿದಂತಾಗಿರುತ್ತವೆ. ಓದಲು ಮೊದಲನೆಯದು, ಪ್ರಿಂಟ್ ಹಾಕಿಸಲು ಎರಡನೆಯದು. ಬಣ್ಣದ ಸ್ಕ್ಯಾನನ್ನು ಜೆರಾಕ್ಸ್ ಅಂಗಡಿಯಲ್ಲಿ ಹಾಗೇ ಕೊಟ್ಟರೆ ಹಾಳೆಯ ಹಳದಿಯೆಲ್ಲ ಬೂದು ಛಾಯೆಯಾಗಿ ಅಚ್ಚಾಗಿ ಅಕ್ಷರ ಮಂಕಾಗುತ್ತದೆ. ಡೌನ್‌ಲೋಡ್ ಮಾಡುವ ಮುಂಚೆ ‘ಶೋ ಆಲ್’ ಒತ್ತಿದರೆ ಪ್ರತಿ ಫೈಲಿನ ಗಾತ್ರ ಕಾಣುತ್ತದೆ. ಡೇಟಾ ಕಡಿಮೆ ಇದ್ದವರು ಇದನ್ನು ನೋಡದೆ ಮುಂದುವರಿಯಬಾರದು. ಆರ್ಕೈವ್‌ನ ಬಣ್ಣದ ಪಿಡಿಎಫ್ ಹಳೆಯ ಫೋನ್‌ಗಳಲ್ಲಿ ಪುಟ ಬಿಚ್ಚಿಕೊಳ್ಳಲು ತಡಮಾಡುತ್ತದೆ. ಅದು ಫೋನಿನ ದೋಷವಲ್ಲ. ಚಿತ್ರಗಳನ್ನು ತುಂಬ ಒತ್ತಿ ಕಿರಿದು ಮಾಡಿರುವುದರಿಂದ ಬಿಡಿಸಲು ಹೊತ್ತು ಹಿಡಿಯುತ್ತದೆ.

ಇಪಬ್ (ಇ-ಪುಸ್ತಕ) ಫೈಲ್ ಹಗುರ ಎಂದು ಅದನ್ನೇ ನೆಚ್ಚಿಕೊಳ್ಳಬೇಡಿ. ಯಂತ್ರವೇ ಚಿತ್ರದಿಂದ ಅಕ್ಷರ ಓದಿ ಮಾಡಿದ ಪಠ್ಯವದು, ಯಾರೂ ತಿದ್ದಿಲ್ಲ. ಪುಟದ ತಲೆಬರಹ ವಾಕ್ಯದ ನಡುವೆ ನುಗ್ಗುತ್ತದೆ, ಸಾಲಿನ ಕೊನೆಯಲ್ಲಿ ಮುರಿದ ಪದಗಳು ಕೂಡುವುದಿಲ್ಲ. ಇವನ್ನು ಸಹಿಸಬಹುದು. ಸಹಿಸಲಾಗದ್ದು ಅಂಕಿಗಳ ಗೊಂದಲ: 3 ಮತ್ತು 8 ಅದಲುಬದಲಾಗುವುದು ಇಂಥ ಪಠ್ಯದಲ್ಲಿ ಸಾಮಾನ್ಯ. ಆರ್ಮ್‌ಸ್ಟ್ರಾಂಗ್‌ನ ಬದುಕಿನಲ್ಲಿ 1863 ಎಂದರೆ ಗೆಟಿಸ್‌ಬರ್ಗ್ ಕದನ, 1868 ಎಂದರೆ ಹ್ಯಾಂಪ್ಟನ್ ಶಾಲೆಯ ಆರಂಭ. ಇಸವಿ ಬರೆದುಕೊಳ್ಳುವ ಮೊದಲು ಪುಟದ ಚಿತ್ರವನ್ನೇ ನೋಡಿ.

ಓದುವಾಗ ಕೈಯಲ್ಲಿ ಈ ಚೌಕಟ್ಟು ಇರಲಿ. 1839ರ ಜನವರಿ 30ರಂದು ಹವಾಯಿಯ ಮಾವಿ ದ್ವೀಪದಲ್ಲಿ, ಮಿಷನರಿ ಕುಟುಂಬದಲ್ಲಿ ಜನನ. ಅಪ್ಪ ಮುಂದೆ ಆ ರಾಜ್ಯದ ಶಿಕ್ಷಣದ ಹೊಣೆ ಹೊತ್ತವನು; ಓದಿನ ಜೊತೆ ದುಡಿಮೆ ಬೆರೆಸಿದ ಹಿಲೋ ವಸತಿಶಾಲೆ ಮಗನ ಕಣ್ಣಮುಂದಿತ್ತು. 1862ರಲ್ಲಿ ವಿಲಿಯಮ್ಸ್ ಕಾಲೇಜಿನ ಪದವಿ, ಅದೇ ವರ್ಷ 125ನೇ ನ್ಯೂಯಾರ್ಕ್ ರೆಜಿಮೆಂಟಿನಲ್ಲಿ ಕ್ಯಾಪ್ಟನ್, ಸೆಪ್ಟೆಂಬರಿನಲ್ಲಿ ಹಾರ್ಪರ್ಸ್ ಫೆರಿಯಲ್ಲಿ ಸೆರೆ. ಬಿಡುಗಡೆಯಾಗಿ ಗೆಟಿಸ್‌ಬರ್ಗ್. ನಂತರ ಕಪ್ಪು ಸೈನಿಕರ 9ನೇ ಮತ್ತು 8ನೇ ರೆಜಿಮೆಂಟುಗಳಲ್ಲಿ ಅಧಿಕಾರಿ. ಈ ಭಾಗವನ್ನು ಓಡಿಸಿ ಓದಬೇಡಿ. ಜೊತೆಗೆ ಕಾದಾಡಿದ ಈ ಸೈನಿಕರೇ ಆತನನ್ನು ಶಿಕ್ಷಣದ ಕಡೆ ತಿರುಗಿಸಿದರು. ಬ್ರಿಗೇಡಿಯರ್ ಜನರಲ್ ಎಂಬುದು ‘ಬ್ರೆವೆಟ್’ ಪದವಿ, ಅಂದರೆ ಗೌರವಾರ್ಥ. ಸೆಮಿನಾರಿನಲ್ಲಿ ಪೂರ್ಣ ದರ್ಜೆಯ ಜನರಲ್ ಎಂದು ಬರೆದರೆ ತಪ್ಪಾಗುತ್ತದೆ.

ಮಗಳ ಪುಸ್ತಕದಲ್ಲಿ ಪತ್ರಗಳು ಹೇರಳವಾಗಿವೆ, ಅದೇ ಅದರ ಬಲ. ಆದರೆ ಮಗಳ ಅಭಿಮಾನ ಎಲ್ಲೆಡೆ ಇದೆ. ಅದಕ್ಕೇ ಎರಡನೇ ತಾಣ ಬೇಕು.

ಗುಟೆನ್‌ಬರ್ಗ್‌ನಲ್ಲಿ ವಾಷಿಂಗ್ಟನ್‌ನ ಆತ್ಮಕಥೆ 2376ನೇ ಸಂಖ್ಯೆಯಲ್ಲಿದೆ. ಇಲ್ಲಿನ ಪಠ್ಯವನ್ನು ಮನುಷ್ಯರು ಕೂತು ತಿದ್ದಿದ್ದಾರೆ, ಇಪಬ್ ಚೊಕ್ಕವಾಗಿದೆ, ಆಗುಂಬೆಯ ಮಳೆಯಲ್ಲಿ ಸಿಗ್ನಲ್ ಒಂದು ಕಡ್ಡಿ ಇದ್ದರೂ ಇಳಿದುಬಿಡುತ್ತದೆ. ಮೂರನೇ ಅಧ್ಯಾಯ ಓದಿ. 1872ರಲ್ಲಿ ಹ್ಯಾಂಪ್ಟನ್ ತಲುಪಿದ ಹುಡುಗನಿಗೆ ಪ್ರವೇಶ ಪರೀಕ್ಷೆ ಎಂದರೆ ಒಂದು ಕೋಣೆ ಗುಡಿಸುವುದು. ಮೂರು ಸಲ ಗುಡಿಸಿ ನಾಲ್ಕು ಸಲ ಧೂಳು ಒರೆಸುತ್ತಾನೆ. ಜಾಗ ಸಾಲದೆ ಚಳಿಗಾಲದಲ್ಲಿ ಡೇರೆಯಲ್ಲಿ ಮಲಗಲು ಜನರಲ್ ಕೇಳಿದಾಗ ಹುಡುಗರು ತಾವಾಗಿ ಮುಂದೆ ಬಂದದ್ದೂ ಅಲ್ಲೇ ಇದೆ. ಕೊರತೆ ಒಂದೇ: ಗುಟೆನ್‌ಬರ್ಗ್‌ನ ಹಲವು ಹಳೆಯ ಫೈಲ್‌ಗಳಲ್ಲಿ ಮುದ್ರಿತ ಪುಟಸಂಖ್ಯೆ ಇರುವುದಿಲ್ಲ. ಅಡಿಟಿಪ್ಪಣಿಗೆ ಪುಟ ಬೇಕಾದರೆ ಅದೇ ಸಾಲನ್ನು ಆರ್ಕೈವ್‌ನ ಸ್ಕ್ಯಾನಿನಲ್ಲಿ ‘ಸರ್ಚ್ ಇನ್‌ಸೈಡ್’ ಮೂಲಕ ಹುಡುಕಿಕೊಳ್ಳಿ.

ಅಲ್ಲೇ 408ನೇ ಸಂಖ್ಯೆಯಲ್ಲಿ ಕಪ್ಪು ಅಮೆರಿಕನ್ ಚಿಂತಕ ಡಬ್ಲ್ಯು.ಇ.ಬಿ. ದು ಬೋಯಿಸ್‌ನ 1903ರ ಪ್ರಬಂಧ ಸಂಕಲನವಿದೆ. ವಾಷಿಂಗ್ಟನ್ ಹಿಡಿದ ದಾರಿಯ ಮೇಲೆ, ಆ ಮೂಲಕ ಹ್ಯಾಂಪ್ಟನ್ ಪದ್ಧತಿಯ ಮೇಲೆ, ಅತ್ಯಂತ ಗಟ್ಟಿಯಾದ ಆಕ್ಷೇಪ ಅದರ ಮೂರನೇ ಅಧ್ಯಾಯದಲ್ಲಿದೆ: ಕೈಕಸುಬು ಕಲಿಸಿ ಮತದಾನದ ಹಕ್ಕು ಮತ್ತು ಉನ್ನತ ಶಿಕ್ಷಣವನ್ನು ಬಿಟ್ಟುಕೊಡುವುದು ಯಾವ ನ್ಯಾಯ? ಈ ಅಧ್ಯಾಯ ಓದದೆ ಆರ್ಮ್‌ಸ್ಟ್ರಾಂಗ್ ಬಗ್ಗೆ ತೀರ್ಮಾನ ಕೊಡುವುದು ಸರಿಯಲ್ಲ. ಹಕ್ಕುಸ್ವಾಮ್ಯದ ಚಿಂತೆ ಬೇಡ. ಭಾರತದಲ್ಲಿ ಲೇಖಕ ತೀರಿಕೊಂಡ 60 ವರ್ಷಗಳ ಮೇಲೆ ಕೃತಿ ಮುಕ್ತ. ದು ಬೋಯಿಸ್ ತೀರಿಕೊಂಡದ್ದು 1963ರಲ್ಲಿ, ಹಾಗಾಗಿ 2024ರ ಜನವರಿಯಿಂದ ಕನ್ನಡಕ್ಕೆ ಅನುವಾದಿಸಲೂ ಅಡ್ಡಿಯಿಲ್ಲ. ಇಷ್ಟು ಒಳ್ಳೆಯ ಅವಕಾಶವನ್ನು ನಮ್ಮ ಅನುವಾದಕರು ಬಿಡಬಾರದು.

ಹಾಥಿಟ್ರಸ್ಟ್ ಬೇಕಾಗುವುದು ‘ಸದರ್ನ್ ವರ್ಕ್‌ಮನ್’ ಪತ್ರಿಕೆಗಾಗಿ. ಹ್ಯಾಂಪ್ಟನ್‌ನಿಂದ 1872ರಿಂದ ಹೊರಟ ಮಾಸಿಕ ಅದು. ಕಪ್ಪು ಜನ ರಾಜಕೀಯದಿಂದ ದೂರ ಇರಲಿ ಎಂದು ಆರ್ಮ್‌ಸ್ಟ್ರಾಂಗ್ ತಾನೇ ಬರೆದದ್ದು ಇದರಲ್ಲಿ ಸಿಗುತ್ತದೆ. ಮಗಳ ಪುಸ್ತಕದ ಮೆದು ಧಾಟಿಗೆ ಹೋಲಿಸಿ ನೋಡಿ. 1878ರಲ್ಲಿ ಮೂಲನಿವಾಸಿ ಬುಡಕಟ್ಟುಗಳ ಯುವಕರನ್ನು ಶಾಲೆಗೆ ತಂದು, ಉಡುಗೆ ಬದಲಿಸುವ ಮುಂಚೆ ಮತ್ತು ಆಮೇಲೆ ಫೋಟೋ ತೆಗೆದು ಪ್ರಚಾರ ಮಾಡಿದ ಕಾಲವೂ ಇದೇ. ಹಾಥಿಟ್ರಸ್ಟ್‌ನ ಒಳಹುಡುಕಾಟ ಪುಟಸಂಖ್ಯೆ ಸಮೇತ ತೋರಿಸುತ್ತದೆ, ಆರ್ಕೈವ್‌ಗಿಂತ ಚೆನ್ನ. ಪುಟಪುಟವಾಗಿ ತೆರೆಯಬೇಕಾದ್ದರಿಂದ ಸಾಗರ, ಶಿವಮೊಗ್ಗದಂಥ ಊರಿನ ಫೈಬರ್ ಸಂಪರ್ಕದಲ್ಲಿ ಮಾಡುವ ಕೆಲಸವಿದು.

ಕೇಳಿ ಕಲಿಯುವವರಿಗೆ ಲಿಬ್ರಿವಾಕ್ಸ್ ಎಂಬ ಉಚಿತ ಧ್ವನಿಪುಸ್ತಕಗಳ ತಾಣದಲ್ಲಿ ವಾಷಿಂಗ್ಟನ್‌ನ ಆತ್ಮಕಥೆಯ ಧ್ವನಿಮುದ್ರಣ ಇದೆ. 64 ಕೆಬಿಪಿಎಸ್ ಫೈಲ್ ಗಂಟೆಗೆ ಸುಮಾರು 29 ಎಂಬಿ, 128ರದ್ದು 58 ಎಂಬಿ. ಮಾತಿಗೆ 64 ಸಾಕು.

ಪ್ರಿಂಟ್ ಬೇಕೆನ್ನುವವರು ಎ4 ಹಾಳೆಯ ಒಂದು ಮಗ್ಗುಲಿಗೆ ಎರಡು ಪುಟ, ಎರಡೂ ಮಗ್ಗುಲು ಹಾಕಿಸಿದರೆ ಸುಮಾರು 300 ಪುಟದ ಜೀವನಚರಿತ್ರೆ 75 ಹಾಳೆಯಲ್ಲಿ ಮುಗಿಯುತ್ತದೆ. ಲೇಸರ್ ಪ್ರಿಂಟನ್ನೇ ಕೇಳಿ. ಇಂಕ್‌ಜೆಟ್ ಶಾಯಿ ಆಷಾಢದ ತೇವಕ್ಕೆ ಹರಡಿಕೊಳ್ಳುತ್ತದೆ. ಸ್ಪೈರಲ್ ಹಾಕಿಸಿದ ಪ್ರತಿ ಗೋಡೆಗೆ ಒರಗಿದರೆ ಬೂಷ್ಟು ಹಿಡಿಯುತ್ತದೆ, ಗೋಡೆಯಿಂದ ದೂರ ಇಡಿ. ಫೈಲ್‌ಗಳನ್ನಂತೂ ಮಳೆಗಾಲಕ್ಕೆ ಮುಂಚೆಯೇ ಇಳಿಸಿ ಮೆಮೊರಿ ಕಾರ್ಡಿನಲ್ಲಿ ಇನ್ನೊಂದು ಪ್ರತಿ ಮಾಡಿಕೊಳ್ಳಿ. 2024ರ ಅಕ್ಟೋಬರಿನಲ್ಲಿ ಸೈಬರ್ ದಾಳಿಯಿಂದ ಆರ್ಕೈವ್ ಕೆಲವು ದಿನ ಪೂರ್ತಿ ನಿಂತಿತ್ತು. ಸೆಮಿನಾರಿನ ಹಿಂದಿನ ವಾರ ಹಾಗಾದರೆ ಕೈಯಲ್ಲಿರುವ ಪ್ರತಿಯೇ ಗತಿ.