ಹಿತ್ತಲಲ್ಲಿ ದೋಣಿ ಕಟ್ಟೋ ಶೆಡ್ ಹಾಕಿಸಿದ್ವಿ, ಕೆಲಸ ಸೂಪರ್

ಗಂಗೊಳ್ಳಿ ಕಡೆ ನಮ್ಮನೆ ಹಿತ್ತಲಲ್ಲಿ 18 ಅಡಿ ಫೈಬರ್ ದೋಣಿ ಕಟ್ಟೋಕೆ ಅಂತ 28 ಅಡಿ ಉದ್ದ, 14 ಅಡಿ ಅಗಲದ ಶೆಡ್ ಹಾಕಿಸಿದ್ವಿ, ಊರಿನ ವೆಲ್ಡಿಂಗ್ ಶಾಪ್‌ನೋರೇ ಮಾಡಿಕೊಟ್ಟಿದ್ದು. ದೋಣಿಯ ಎರಡೂ ಬದಿ ನಾಲ್ಕಡಿ ಜಾಗ ಬೇಕೇ ಬೇಕು, ಅದನ್ನ ಅವ್ರೇ ಕೇಳಿ ಅಳತೆ ತಗೊಂಡ್ರು. ನಂಗೆ ತುಂಬಾ ಇಷ್ಟ ಆಗಿದ್ದು ಬಾಗಿಲು, ಅಗಲದ ಕಡೆ ಗೋಡೆ ಪೂರ್ತಿ ತೆರ್ಕೊಳ್ಳುತ್ತೆ, ನಡುವೆ ಕಂಬ ಇಲ್ಲ, ದೋಣಿ ಟ್ರೇಲರ್ ಮೇಲೆ ಸೀದಾ ಹೊರಗೆ ಬರುತ್ತೆ. ಶೆಡ್ ಹಾಕಿಸೋರು ಮೊದ್ಲು ಇದನ್ನೇ ನೋಡ್ಕೊಳ್ಳಿ.

ಶೀಟಿನ ಸ್ಕ್ರೂಗಳನ್ನ ರಬ್ಬರ್ ವಾಷರ್ ಹಾಕಿ ಉಬ್ಬಿನ ಮೇಲೇ ಬಿಗಿದಿದ್ದಾರೆ, ತಗ್ಗಲ್ಲಿ ಹೊಡೆದ್ರೆ ನೀರು ಹರಿಯೋ ಜಾಗದಲ್ಲೇ ತೂತು ಬಿದ್ದಂಗೆ. ಜೂನ್ ಮಳೇಲೂ ಒಂದು ಹನಿ ಸೋರಿಲ್ಲ!

ರೆಸಿನ್ (ಫೈಬರ್‌ಗೆ ಹಚ್ಚಿ ಗಟ್ಟಿ ಮಾಡೋ ಅಂಟು ದ್ರವ) ಕೆಲಸಕ್ಕೆ ಗಾಳಿ ಆಡ್ಲೇಬೇಕು, ಅದರಿಂದ ಏಳೋ ಸ್ಟೈರೀನ್ ಅನ್ನೋ ರಾಸಾಯನಿಕದ ಆವಿ ಗಾಳಿಗಿಂತ ಭಾರ, ಕೆಳಗೇ ಕೂರುತ್ತೆ, ಅದಕ್ಕೆ ಎಕ್ಸಾಸ್ಟ್ ಫ್ಯಾನ್ ನೆಲದ ಹತ್ರ, ಎದುರು ಗೋಡೇಲಿ ಮೇಲೆ ಜಾಲರಿ ಕಿಟಕಿ ಇಡ್ಸಿದ್ವಿ. ಆದ್ರೂ ಮಾಸ್ಕ್ ಬೇಕು.

ಒಂದೇ ಕಂಪ್ಲೇಂಟು, ವೆಲ್ಡಿಂಗ್ ಜಾಯಿಂಟ್‌ಗೆ ಪ್ರೈಮರ್ ಒಂದೇ ಕೋಟ್ ಹೊಡೆದಿದ್ರು, ಕಡಲ ಉಪ್ಪುಗಾಳಿಗೆ ಅದು ಏನೇನೂ ಸಾಲ್ದು, ಹೇಳಿದ್ಮೇಲೆ ಬಂದು ಇನ್ನೊಂದು ಕೋಟ್ ಹೊಡೆದು ಹೋದ್ರು. ರೇಟ್ ಸ್ವಲ್ಪ ಜಾಸ್ತಿನೇ, ಆದ್ರೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ. 5ಕ್ಕೆ 4.