ತಗ್ಗಿಸಿದ ಕಾರಿಗೆ ಯಾವ ಡೈನೊ: ರೋಲರ್ರೋ, ಹಬ್ಬೋ?

ಡೈನೊ ಅಂದರೆ ಕಾರಿನ ಪವರ್ ಅಳೆಯುವ ಯಂತ್ರ. ರೋಲರ್ ಡೈನೊದಲ್ಲಿ ಟೈರು ಉರುಳೆಯ ಮೇಲೆ ಓಡುತ್ತದೆ; ಹಬ್ ಡೈನೊವನ್ನು ಚಕ್ರ ಬಿಚ್ಚಿ, ಚಕ್ರ ಕೂರುವ ಹಬ್ಬಿಗೇ ಜೋಡಿಸುತ್ತಾರೆ. ಮೊದಲೇ ಹೇಳಿಬಿಡುತ್ತೇನೆ: ಬಂಪರಿನ ಕೆಳತುದಿಯ ಲಿಪ್ಪಿನಡಿ ಮುಷ್ಟಿಯೂ ತೂರದಷ್ಟು ತಗ್ಗಿಸಿದ ಕಾರಾದರೆ ನನ್ನ ಓಟು ಹಬ್ ಡೈನೊಗೆ. ಅದು ಸಿಗದಿದ್ದರೆ ನೆಲದೊಳಗೆ ಹುದುಗಿಸಿದ, ಒಂದೇ ದೊಡ್ಡ ಡ್ರಮ್ಮಿನ ರೋಲರ್ ಡೈನೊ. ನೆಲದ ಮೇಲೆ ಕಟ್ಟೆಯಂತೆ ಎತ್ತರಿಸಿ ಕೂರಿಸಿದ ಜೋಡಿ ರೋಲರ್ ಬೇರೆ ದಾರಿಯೇ ಇಲ್ಲದಾಗ ಮಾತ್ರ.

ಕಟ್ಟೆ ಹತ್ತಿಸುವ ಲೆಕ್ಕ ನೋಡಿ. ಲಿಪ್ ನೆಲದಿಂದ 90 ಮಿ.ಮೀ. ಮೇಲಿದೆ, ಮುಂಚಕ್ರ ನೆಲ ಮುಟ್ಟುವ ಜಾಗದಿಂದ 750 ಮಿ.ಮೀ. ಮುಂದಿದೆ ಅಂದುಕೊಳ್ಳಿ. ಅಂಥ ಕಾರು ಉಜ್ಜದೆ ಹತ್ತುವುದು ಹೆಚ್ಚೆಂದರೆ 7 ಡಿಗ್ರಿ. ಕಟ್ಟೆ 350 ಮಿ.ಮೀ. ಎತ್ತರವಿದ್ದು ರ‍್ಯಾಂಪ್ 2 ಮೀಟರ್ ಉದ್ದವಿದ್ದರೆ ಅದು 10 ಡಿಗ್ರಿ ಏರು. 6 ಡಿಗ್ರಿಗೆ ಇಳಿಸಲು ಸುಮಾರು 3.4 ಮೀಟರ್ ರ‍್ಯಾಂಪ್ ಬೇಕು. ಲಿಪ್ ಪಾರಾದರೂ ರ‍್ಯಾಂಪ್ ಮುಗಿದು ಕಟ್ಟೆ ಶುರುವಾಗುವ ಏಣಿನಲ್ಲಿ ಹೊಟ್ಟೆ ಕೂರುತ್ತದೆ. 2,600 ಮಿ.ಮೀ. ವೀಲ್‌ಬೇಸಿಗೆ ನಡುವೆ 90 ಮಿ.ಮೀ. ಜಾಗವಿದ್ದರೆ ಆ ಏಣು 8 ಡಿಗ್ರಿಯೊಳಗಿರಬೇಕು. ರ‍್ಯಾಂಪ್ ಬುಡಕ್ಕೆ ಹಲಗೆ ಜೋಡಿಸಿದರೆ ಲಿಪ್ ಉಳಿಯಬಹುದು, ಏಣಿನ ತೊಂದರೆ ಹಾಗೇ ಇರುತ್ತದೆ.

ಹತ್ತಿಸಿದ ಮೇಲೆ ಜೋಡಿ ರೋಲರ್ ಇನ್ನೊಂದು ಪೆಟ್ಟು ಕೊಡುತ್ತದೆ. ಟೈರು ಎರಡು ರೋಲರ್‌ಗಳ ನಡುವಿನ ಹಳ್ಳಕ್ಕೆ ಇಳಿಯುತ್ತದಲ್ಲ, ಕಾರೂ ಅಷ್ಟೇ ಇಳಿಯುತ್ತದೆ. 630 ಮಿ.ಮೀ. ವ್ಯಾಸದ ಟೈರು, 270 ಮಿ.ಮೀ. ವ್ಯಾಸದ ರೋಲರ್, ರೋಲರ್ ಕೇಂದ್ರಗಳ ನಡುವೆ 450 ಮಿ.ಮೀ.: ಆಕ್ಸಲ್ 60 ಮಿ.ಮೀ. ಕೆಳಗೆ ಹೋಯಿತು. ರೋಲರಿನ ನೆತ್ತಿ ಕಟ್ಟೆಯ ಮಟ್ಟಕ್ಕೇ ಇದ್ದರೆ 90ರಲ್ಲಿ ಆ ತುದಿಗೆ ಉಳಿದದ್ದು ಸುಮಾರು 30. ಸೈಡ್ ಸ್ಕರ್ಟ್, ಎಕ್ಸಾಸ್ಟ್ ಪೈಪು, ಮುಂಚಕ್ರ ಚಾಲನೆಯ ಕಾರಾದರೆ ಸಂಪ್ (ಎಂಜಿನ್ನಡಿಯ ಎಣ್ಣೆ ತೊಟ್ಟಿ), ಎಲ್ಲ ರೋಲರಿನ ಮುಚ್ಚಳದ ಮೇಲೆ. ದೊಡ್ಡ ಡ್ರಮ್ಮಿನಲ್ಲಿ ಟೈರು ನೆತ್ತಿಯ ಮೇಲೇ ನಿಲ್ಲುವುದರಿಂದ ಈ ಕಾಟವಿಲ್ಲ.

ಆದರೆ ಎರಡು ಬಗೆಯ ರೋಲರಿಗೂ ಬಿಡದ ಪೀಡೆ ಸ್ಟ್ರ್ಯಾಪ್, ಅಂದರೆ ಕಾರನ್ನು ಬಿಗಿದು ಕಟ್ಟುವ ಪಟ್ಟಿ. ನೆತ್ತಿಯ ಮೇಲೆ ನಿಂತ ಕಾರನ್ನು ಹಿಡಿದಿರುವುದು ಅದೊಂದೇ. ತಗ್ಗಿದ ಕಾರಿನಡಿ ಕೈ ಹೋಗುವುದಿಲ್ಲ, ಕೊಕ್ಕೆ ಹಾಕಲು ಜಾಗ ಕಾಣುವುದಿಲ್ಲ. ಹಾಗಾಗಿ ಕಾರು ಇನ್ನೂ ಹಲಗೆಗಳ ಮೇಲಿರುವಾಗಲೇ ಸ್ಟ್ರ್ಯಾಪಿನ ಕುಣಿಕೆಗಳನ್ನು ಹಿಂದೆ ಎರಡು, ಮುಂದೆ ಎರಡು ಪೋಣಿಸಿಟ್ಟು, ಆಮೇಲೆ ಡ್ರಮ್ಮಿಗೆ ತರಬೇಕು. ಎಕ್ಸಾಸ್ಟಿನ ಪಕ್ಕ ಹಾದುಹೋದ ಪಟ್ಟಿ ಕರಗಿ ತುಂಡಾಗುತ್ತದೆ. ಎರಡು ಪಟ್ಟಿಗಳನ್ನು ಕತ್ತರಿಯಂತೆ ಒಂದಕ್ಕೊಂದು ಅಡ್ಡ ಹಾಯಿಸಿ ಕಟ್ಟಿದರೆ ಕಾರು ಪಕ್ಕಕ್ಕೆ ಸರಿಯುವುದಿಲ್ಲ.

ಇದಕ್ಕಿಂತ ಕಿರಿಕಿರಿ ಎಳೆತದ ದಿಕ್ಕಿನದು. ಕೊಕ್ಕೆ ಕಾರಿನ ಮೈಗೆ ಬಿದ್ದು ಎಳೆತ ನೇರ ಕೆಳಕ್ಕಿದ್ದರೆ ಮೊದಲೇ ಗಿಡ್ಡಾದ ಸ್ಪ್ರಿಂಗ್ ಇನ್ನಷ್ಟು ಕುಗ್ಗಿ, ಟೈರು ಫೆಂಡರ್ ಲೈನರನ್ನು ಉಜ್ಜತೊಡಗುತ್ತದೆ. ಥ್ರಾಟಲ್ ಒತ್ತಿದಾಗ ಹಿಂಭಾಗ ಕುಸಿದರೆ ಪಟ್ಟಿ ಸಡಿಲ, ಬಿಟ್ಟಾಗ ಜಗ್ಗು. ಬಿಗಿ ಹೆಚ್ಚಾದರೆ ಟೈರು ಡ್ರಮ್ಮಿಗೆ ಒತ್ತಿಕೊಂಡು ಬಿಸಿಯೇರುತ್ತದೆ, ಪವರ್ ಕಡಿಮೆ ತೋರುತ್ತದೆ. ಕಡಿಮೆಯಾದರೆ ಟೈರು ಜಾರಿ ಗ್ರಾಫು ಗರಗಸದ ಹಲ್ಲಾಗುತ್ತದೆ. ಟ್ಯೂನ್ ಬದಲಿಸಿದ್ದರಿಂದ 5 ಅಶ್ವಶಕ್ತಿ ಬಂತೋ, ಪಟ್ಟಿ ಬಿಗಿಯುವ ರ‍್ಯಾಚೆಟ್ ಒಂದು ಹಲ್ಲು ಸಡಿಲವಾದ್ದರಿಂದ ಬಂತೋ? ಸಾಧ್ಯವಾದರೆ ಆಕ್ಸಲ್ ಅಥವಾ ಸಸ್ಪೆನ್ಷನ್ನಿನ ಕೆಳತೋಳಿಗೆ ಕಟ್ಟಿ, ಎಳೆತ ಆದಷ್ಟು ಅಡ್ಡಕ್ಕಿರಲಿ, ಮೊದಲ ರನ್ ಆದಮೇಲೆ ನಾಲ್ಕನ್ನೂ ಮತ್ತೆ ಬಿಗಿ ನೋಡಿ.

ತಗ್ಗಿಸಿದ ಕಾರಿನ ನೆಗೆಟಿವ್ ಕ್ಯಾಂಬರೂ (ಚಕ್ರದ ಮೇಲ್ತುದಿ ಒಳಕ್ಕೆ ವಾಲಿರುವುದು) ಇಲ್ಲಿ ಲೆಕ್ಕಕ್ಕೆ ಬರುತ್ತದೆ. 3 ಡಿಗ್ರಿ ವಾಲಿದ ಟೈರು ಡ್ರಮ್ಮನ್ನು ಒಳ ಅಂಚಿನಿಂದಷ್ಟೇ ಹಿಡಿಯುತ್ತದೆ, ಬಿಸಿಯೆಲ್ಲ ಆ ಅಂಚಿಗೇ.

ಹಬ್ ಡೈನೊದಲ್ಲಿ ಇವು ಯಾವುವೂ ಇಲ್ಲ: ರ‍್ಯಾಂಪಿಲ್ಲ, ಹಳ್ಳವಿಲ್ಲ, ಟೈರೇ ಇಲ್ಲ. ಸಮ ನೆಲದಲ್ಲಿ ಕಾರು ನಿಂತಲ್ಲಿಗೇ ಯಂತ್ರ ಉರುಳಿಕೊಂಡು ಬರುತ್ತದೆ. ಚಕ್ರಗಳನ್ನು 40–50 ಮಿ.ಮೀ. ದಪ್ಪ ಹಲಗೆಗೆ ಹತ್ತಿಸಿದರೆ ಗಿಡ್ಡ ಜಾಕ್ ಒಳಗೆ ಹೋಗುತ್ತದೆ. ಚಕ್ರ ನೆಲದಲ್ಲಿರುವಾಗಲೇ ನಟ್ ಸಡಿಲಿಸಿ, ಎತ್ತಿ, ಚಕ್ರ ಬಿಚ್ಚಿ, ಹಬ್ಬಿನ ಮುಖದ ತುಕ್ಕನ್ನು ತಂತಿ ಬ್ರಷ್ಷಿನಿಂದ ತೆಗೆಯಿರಿ. ತುಕ್ಕು ಉಳಿದರೆ ಅಡಾಪ್ಟರ್ ಓರೆ ಕೂತು ವೇಗ ಏರಿದಾಗ ಅದುರುತ್ತದೆ. ನಟ್ಟುಗಳನ್ನು ಎದುರು-ಬದುರಾಗಿ, ಕಾರಿಗೆ ಹೇಳಿದ ಟಾರ್ಕಿಗೇ ಬಿಗಿಯಬೇಕು.

ಇದಕ್ಕೂ ತಕರಾರುಗಳಿವೆ. 5×100 (100 ಮಿ.ಮೀ. ವ್ಯಾಸದ ವೃತ್ತದಲ್ಲಿ ಐದು ಬೋಲ್ಟ್) ಹಬ್ಬಿಗೆ 5×114.3 ಅಡಾಪ್ಟರ್ ಕೂರದು, ಅದನ್ನು ಮೊದಲೇ ವಿಚಾರಿಸಿ. ಚಕ್ರವನ್ನು ಹೊರಕ್ಕೆ ತಳ್ಳುವ ಸ್ಪೇಸರ್ ಹಾಕಿದ್ದರೆ ಬಿಚ್ಚಬೇಕು. ಉದ್ದದ ಸ್ಟಡ್ ಹಾಕಿದ್ದರೆ ನಟ್ ಪೂರ್ತಿ ಕೂತಿತೇ, ದೊಡ್ಡ ಬ್ರೇಕ್ ಕ್ಯಾಲಿಪರ್ ಅಡಾಪ್ಟರಿಗೆ ತಾಗುತ್ತದೆಯೇ ಎಂದು ಕೈಯಲ್ಲಿ ತಿರುಗಿಸಿ ನೋಡಬೇಕು. ಲಾಕ್ ನಟ್ಟಿನ ಕೀ ಮನೆಯಲ್ಲಿ ಉಳಿದರೆ ಆ ದಿನ ಮುಗಿದಂತೆ! ಟೈರಿನ ಮೆತ್ತನೆ ಇಲ್ಲದ್ದರಿಂದ ಥ್ರಾಟಲ್ಲನ್ನು ಹದವಾಗಿ ಒತ್ತಬೇಕು.

ಟೈರಿನ ನಷ್ಟ ಸೇರದ ಕಾರಣ ಹಬ್ಬಿನ ಅಂಕಿ ಸಾಮಾನ್ಯವಾಗಿ ರೋಲರಿಗಿಂತ ಹೆಚ್ಚು ಬರುತ್ತದೆ, ಎರಡನ್ನೂ ಹೋಲಿಸಿ ಬೀಗಬೇಡಿ. ಹವೆಯ ಒತ್ತಡ, ಶಾಖಕ್ಕೆ ತಕ್ಕಂತೆ ಅಂಕಿಯನ್ನು ಸರಿಪಡಿಸುವ ಎಸ್‌ಎಇ, ಎಸ್‌ಟಿಡಿ ಎಂಬ ಎರಡು ಬಗೆಯ ತಿದ್ದುಪಡಿಗಳ ನಡುವೆಯೇ ಸುಮಾರು 4% ವ್ಯತ್ಯಾಸವಿದೆ. ಫ್ಯಾನ್ ಇಂಟರ್‌ಕೂಲರಿನ ಮಟ್ಟಕ್ಕಿರಲಿ. ಕಟ್ಟೆಯ ಡೈನೊದಲ್ಲಿ ಅದನ್ನೂ ಎತ್ತರಿಸಬೇಕು.

ಮೂರು ರನ್ ಓಡಿಸಿ ಗ್ರಾಫ್ ಹಿಡಿದು ಹೊರಡುವವರಿಗೆ, ಗಂಟೆ ಲೆಕ್ಕದ ಬಾಡಿಗೆಯಲ್ಲಿ ಚಕ್ರ ಬಿಚ್ಚಿ ಕಟ್ಟುವ ಹೊತ್ತು ದಂಡ ಅನ್ನಿಸಬಹುದು. ಅವರಿಗೆ ನೆಲದೊಳಗಿನ ಡ್ರಮ್ಮೇ ಸಾಕು. ನನ್ನ ಕೆಲಸ ಒಂದೇ ದಿನದಲ್ಲಿ ಇಪ್ಪತ್ತು-ಮೂವತ್ತು ರನ್ ಬೇಡುವ ಟ್ಯೂನಿಂಗ್. ಅಲ್ಲಿ ಪ್ರತಿ ರನ್ನಿಗೂ ಪಟ್ಟಿ ನೋಡುತ್ತ ಕೂರುವುದಕ್ಕಿಂತ ಹಬ್ಬಿಗೆ ಹೆಚ್ಚು ಕೊಡುವುದೇ ಅಗ್ಗ. ಗಾಳಿ ತುಂಬಿ ಕಾರನ್ನು ಎತ್ತರಿಸಬಲ್ಲ ಏರ್ ಸಸ್ಪೆನ್ಷನ್ ಇರುವವರು ರ‍್ಯಾಂಪಿನ ಲೆಕ್ಕ ಮರೆತುಬಿಡಿ. ಉಳಿದವರು ಬುಕ್ ಮಾಡುವ ಮೊದಲು ಟ್ಯಾಂಕ್ ತುಂಬಿಸಿ, ಸೀಟಿನಲ್ಲಿ ಒಬ್ಬರನ್ನು ಕೂರಿಸಿ ಲಿಪ್, ಸಂಪ್, ಸ್ಕರ್ಟಿನಡಿ ಅಳೆದು ಆ ಅಂಕಿಗಳನ್ನೇ ಡೈನೊದವರಿಗೆ ಹೇಳಿ.